ನಿದ್ದೆ ಬರುತ್ತದೆಯೇ ಎಂದು ಕೇಳಿದರೆ ಸಾಕೇ?

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆವು. ಜವಾನ ಬಂದು ಪ್ರತಿಯೊಬ್ಬರ ಮುಂದೆ ಒಂದೊಂದು ಹಾಳೆ ಇಟ್ಟು ಹೋದ. ‘ಶಿಕ್ಷಕರ ಮಾನಸಿಕ ಒತ್ತಡದ ಸಮೀಕ್ಷೆ’ ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಹೆಸರು, ಕಲಿಸುವ ವಿಷಯ, ಮೊಬೈಲ್ ನಂಬರು. ಆಮೇಲೆ ಪ್ರಶ್ನೆಗಳು. ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆಯೇ? ಸಣ್ಣ ವಿಷಯಕ್ಕೂ ಸಿಟ್ಟು ಬರುತ್ತದೆಯೇ? ತಲೆನೋವು ಇದೆಯೇ? ದಿನಾಲೂ ವ್ಯಾಯಾಮ ಮಾಡುತ್ತೀರಾ? ಸಂಜೆ ಶಾಲೆ ಬಿಡುವುದರೊಳಗೆ ಭರ್ತಿ ಮಾಡಿ ಆಫೀಸಿಗೆ ಕೊಡಬೇಕಿತ್ತು.

ನನ್ನ ಪಕ್ಕದಲ್ಲಿ ಗಣಿತದ ಮಾಸ್ಟ್ರು ಕುಳಿತಿದ್ದರು. ಅವರು ರಕ್ತದೊತ್ತಡದ ಮಾತ್ರೆ ತಿನ್ನುವುದು ನಮಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಲೆಕ್ಕ ಹಾಕುವ ಕೆಲಸ ಅವರದು. ದಿನಕ್ಕೆ ಏಳು ಪೀರಿಯಡ್. ಯಾರಾದರೂ ರಜೆ ಹಾಕಿದರೆ ಅವರ ತರಗತಿಯೂ ಇವರಿಗೇ. ಬೇಸಿಗೆ ರಜೆಯಲ್ಲಿ ಮನೆ ಮನೆ ಸುತ್ತಿ ಹೊಸ ಮಕ್ಕಳನ್ನು ದಾಖಲಾತಿಗೆ ಕರೆತರಬೇಕು. ಇಷ್ಟು ಮಕ್ಕಳನ್ನು ತರಲೇಬೇಕೆಂಬ ಲೆಕ್ಕವೂ ಇತ್ತು. ಅವರು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತು, “ಉಸ್ತಾದರೇ, ನಿದ್ದೆ ಬರುತ್ತದೆ ಅಂತ ಬರೆಯಲಾ?” ಎಂದು ಮೆಲ್ಲಗೆ ಕೇಳಿದರು.

ನಾನೇನು ಹೇಳಲಿ? ನನ್ನ ಹಾಳೆಯಲ್ಲಿ ಆಗಲೇ ‘ಬರುತ್ತದೆ’ ಎಂದು ಬರೆದಾಗಿತ್ತು. ಅದು ಸುಳ್ಳು. ಆದರೆ ಮೇಲೆ ನನ್ನ ಹೆಸರಿತ್ತು, ಹಾಳೆ ಹೋಗುವುದು ಆಫೀಸಿನ ಮೇಜಿಗೆ. ಮುಂದಿನ ವರ್ಷ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು ಎಂದು ನಿರ್ಧಾರವಾಗುವುದೂ ಅದೇ ಮೇಜಿನಲ್ಲಿ. ಅವರೂ ‘ಬರುತ್ತದೆ’ ಎಂದೇ ಬರೆದರು. ಎಲ್ಲರ ಹಾಳೆಗಳನ್ನು ಒಟ್ಟುಮಾಡಿದಾಗ ನಮ್ಮಷ್ಟು ಸುಖವಾಗಿ ನಿದ್ದೆ ಮಾಡುವವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ ಎಂದು ಆಡಳಿತದವರಿಗೆ ಅನಿಸಿರಬೇಕು. ಒಂದು ತಿಂಗಳ ನಂತರ ಪಟ್ಟಣದಿಂದ ಒಬ್ಬರನ್ನು ಕರೆಸಿ, ಸದಾ ನಗುತ್ತಾ ಇರುವುದು ಹೇಗೆ ಎಂದು ಒಂದು ಗಂಟೆ ಭಾಷಣ ಮಾಡಿಸಿದರು. ಅದೂ ಶನಿವಾರ ಮಧ್ಯಾಹ್ನ, ಮನೆಗೆ ಹೋಗುವ ಹೊತ್ತಿನಲ್ಲಿ. ಗಣಿತದ ಮಾಸ್ಟ್ರು ಆ ವರ್ಷ ಪೂರ್ತಿ ಮಾಡಲಿಲ್ಲ. ಜನವರಿಯಲ್ಲಿ ಒಂದು ದಿನ ತರಗತಿಯಲ್ಲೇ ಕುಸಿದು ಕುಳಿತರು, ಆಮೇಲೆ ಬರಲಿಲ್ಲ. ಈಗ ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ.

ಆ ಹಾಳೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದುವಾಗ ‘ಪ್ರಶ್ನಾವಳಿ ತಯಾರಿಸುವ ಕ್ರಮ’ ಎಂಬ ಪಾಠವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅಂದು ಅದು ಒಣ ವಿಷಯವೆಂದು ಕಂಡಿತ್ತು. ಒಂದು ಪ್ರಶ್ನಾವಳಿ ಒಬ್ಬ ಮನುಷ್ಯನನ್ನು ಉಳಿಸಲೂಬಹುದು, ಕಣ್ಣಿಗೆ ಕಾಣದಂತೆ ಮುಚ್ಚಿಬಿಡಲೂಬಹುದು ಎಂದು ಅರ್ಥವಾದದ್ದು ಆಮೇಲೆ. ಕೆಲಸದ ಸ್ಥಳದ ಮಾನಸಿಕ ಒತ್ತಡವನ್ನು ಅಳೆಯಲು ಲೋಕದಲ್ಲಿ ಯಾವ ಯಾವ ಉಪಾಯಗಳಿವೆ ಎಂದು ಹುಡುಕಿ ಓದತೊಡಗಿದೆ. ಓದಿದ್ದನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ನಿಮ್ಮ ಮನೆಯಲ್ಲೂ ಯಾರಾದರೂ ದುಡಿಯಲು ಹೋಗುವವರಿದ್ದಾರೆ. ಅವರು ಸಂಜೆ ಹೊತ್ತು ತರುವ ಮೌನ ಅಥವಾ ಸಿಟ್ಟು ನಿಮಗೆ ಗೊತ್ತಿದೆ.

ನಮ್ಮ ಹಾಳೆಯ ಮೊದಲ ತಪ್ಪು ಏನೆಂದರೆ, ಅದು ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದೆಲ್ಲ ಕೆಲಸ ಮಾಡುವವನ ದೇಹ, ಅವನ ಸ್ವಭಾವದ ಬಗ್ಗೆ. ಊರಿನ ಹತ್ತು ಮನೆಗಳಲ್ಲಿ ಒಂದೇ ವಾರ ಮಕ್ಕಳಿಗೆ ವಾಂತಿಭೇದಿಯಾದರೆ ನಾವು ಏನು ಮಾಡುತ್ತೇವೆ? ಮಕ್ಕಳ ಹೊಟ್ಟೆ ದುರ್ಬಲ ಎನ್ನುತ್ತೇವೆಯೇ? ಬಾವಿಯ ನೀರನ್ನು ನೋಡುತ್ತೇವೆ. ಒತ್ತಡದ ವಿಷಯದಲ್ಲೂ ಬಾವಿಯನ್ನು ನೋಡಬೇಕು ಎಂದು ಹೇಳಿದವರು ಹಲವರಿದ್ದಾರೆ. ಅವರಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಎಂಬ ವಿದ್ವಾಂಸರ ಹೆಸರು ಮುಖ್ಯವಾದದ್ದು. 1979ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಬಹಳ ಸರಳವಾಗಿದೆ. ಕೆಲಸ ಹೆಚ್ಚಿರುವುದಷ್ಟೇ ಮನುಷ್ಯನನ್ನು ಹಣ್ಣು ಮಾಡುವುದಿಲ್ಲ. ಕೆಲಸವೂ ಹೆಚ್ಚು, ಅದನ್ನು ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಎಂದು ನಿರ್ಧರಿಸುವ ಅಧಿಕಾರವೂ ತನ್ನ ಕೈಯಲ್ಲಿಲ್ಲ ಎಂದಾದಾಗ ಆಗುವ ಒತ್ತಡವೇ ಅಪಾಯಕಾರಿ. ಹೊರೆ ಜಾಸ್ತಿಯಿದ್ದರೂ ತನ್ನ ಮಾತು ನಡೆಯುವ ಕೆಲಸದಲ್ಲಿ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಇದನ್ನು ಅಳೆಯಲು ಅವರು ಒಂದು ಪ್ರಶ್ನಾವಳಿಯನ್ನೂ ರೂಪಿಸಿದರು.

ಇದು ಬರೀ ಪುಸ್ತಕದ ಮಾತಲ್ಲ. ಲಂಡನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ಒಂದು ಅಧ್ಯಯನವಿದೆ. ಸರಕಾರಿ ಕಚೇರಿಗಳಿರುವ ಬೀದಿಯ ಹೆಸರಿನಿಂದ ಅದನ್ನು ವೈಟ್‌ಹಾಲ್ ಅಧ್ಯಯನ ಎನ್ನುತ್ತಾರೆ. ದೊಡ್ಡ ಸಾಹೇಬರಿಗೆ ದೊಡ್ಡ ಜವಾಬ್ದಾರಿ, ಆದ್ದರಿಂದ ಅವರಿಗೇ ಹೆಚ್ಚು ಹೃದಯಾಘಾತ ಎಂದು ಜನ ತಿಳಿದಿದ್ದರು. ನಾವೂ ಹಾಗೆಯೇ ತಿಳಿದಿದ್ದೇವೆ ಅಲ್ಲವೇ? ಆದರೆ ಕಂಡುಬಂದದ್ದು ತಿರುಗುಮುರುಗು. ಬಾಗಿಲು ಕಾಯುವವರು, ಕಾಗದ ಹೊತ್ತು ತಿರುಗುವವರು ಮುಂತಾದ ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದಿಂದ ಸಾಯುವವರು ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದರು. ಬೀಡಿ ಸಿಗರೇಟು, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಿಂದ ಮೈಕಲ್ ಮಾರ್ಮಟ್ ಎಂಬ ವೈದ್ಯರ ನೇತೃತ್ವದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರು, ಹೆಂಗಸರನ್ನು ಸೇರಿಸಿಕೊಂಡು ಎರಡನೆಯ ಅಧ್ಯಯನ ನಡೆಯಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲ ಎಂದು ಪ್ರಶ್ನಾವಳಿಯಲ್ಲಿ ಹೇಳಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂತು. ನಮ್ಮ ಗಣಿತದ ಮಾಸ್ಟ್ರಿಗೆ ಆ ದಿನ ಯಾವ ತರಗತಿ ಎಂಬುದೇ ಬೆಳಿಗ್ಗೆ ಶಾಲೆಗೆ ಬಂದ ಮೇಲೆ ಗೊತ್ತಾಗುತ್ತಿತ್ತು. ಈ ಅಧ್ಯಯನದ ಬಗ್ಗೆ ಓದುವಾಗ ಅದೇ ನೆನಪಾಯಿತು.

ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ ಎಂಬವರು 1996ರಲ್ಲಿ ಇನ್ನೊಂದು ಬಗೆಯ ತಕ್ಕಡಿಯನ್ನು ಮುಂದಿಟ್ಟರು. ಒಂದು ತಟ್ಟೆಯಲ್ಲಿ ಮನುಷ್ಯ ಹಾಕುವ ಶ್ರಮ. ಇನ್ನೊಂದರಲ್ಲಿ ಅವನಿಗೆ ಸಿಗುವ ಪ್ರತಿಫಲ. ಪ್ರತಿಫಲ ಎಂದರೆ ಸಂಬಳ ಮಾತ್ರವಲ್ಲ. ಮರ್ಯಾದೆ, ಕೆಲಸ ಉಳಿಯುತ್ತದೆ ಎಂಬ ಭರವಸೆ, ಮೇಲೇರುವ ಅವಕಾಶ ಇವೂ ಅದರಲ್ಲಿ ಸೇರುತ್ತವೆ. ತಟ್ಟೆಗಳು ವರ್ಷಾನುಗಟ್ಟಲೆ ಓರೆಯಾಗಿಯೇ ಇದ್ದರೆ ಮನಸ್ಸೂ ದೇಹವೂ ಕೆಡುತ್ತವೆ. ಒಂದು ಒಳ್ಳೆಯ ಮಾತನ್ನೂ ಸಂಬಳದ ಜೊತೆ ಲೆಕ್ಕ ಹಿಡಿದದ್ದು ನನಗೆ ಇಷ್ಟವಾಯಿತು. ಮನೆಯಲ್ಲಿ ದುಡಿಯುವ ಹೆಂಗಸರಿಗೆ ಇದನ್ನು ಜರ್ಮನಿಯವರು ಹೇಳಿಕೊಡಬೇಕಾಗಿಲ್ಲ.

ಇವುಗಳನ್ನೆಲ್ಲ ಸೇರಿಸಿ ಇನ್ನೂ ವಿಶಾಲವಾಗಿ ಮಾಡಿದ್ದು ಡೆನ್ಮಾರ್ಕಿನವರು. ಟಾಗೆ ಕ್ರಿಸ್ಟೆನ್ಸನ್ ಮತ್ತು ವಿಲ್‌ಹೆಲ್ಮ್ ಬೋರ್ಗ್ ಎಂಬ ಇಬ್ಬರು ಸಂಶೋಧಕರು ರೂಪಿಸಿದ ಅದನ್ನು ಕೋಪನ್‌ಹೇಗನ್ ಪ್ರಶ್ನಾವಳಿ ಎಂದು ಕರೆಯುತ್ತಾರೆ. ಸಂಶೋಧಕರಿಗೆ ಒಂದು ಉದ್ದದ್ದು, ತಜ್ಞರಿಗೆ ಒಂದು ಮಧ್ಯಮದ್ದು, ಸಾಮಾನ್ಯ ಕೆಲಸದ ಸ್ಥಳಗಳಿಗೆ ಒಂದು ಚಿಕ್ಕದು, ಹೀಗೆ ಮೂರು ರೂಪಗಳು. ಅದರಲ್ಲಿ ಕೇಳುವ ವಿಷಯಗಳನ್ನು ನೋಡಿ: ಕೆಲಸ ರಾಶಿ ಬೀಳುತ್ತದೆಯೇ, ಮುಂದೆ ಆಗುವ ಬದಲಾವಣೆಯನ್ನು ಮೊದಲೇ ತಿಳಿಸುತ್ತಾರೆಯೇ, ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದು ಸ್ಪಷ್ಟವೇ, ಮೇಲಿನವರು ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೇ, ಕೆಲಸ ನಿಮ್ಮ ಮನೆಯ ಹೊತ್ತನ್ನು ತಿಂದುಹಾಕುತ್ತದೆಯೇ. ಕೆಲಸಕ್ಕಾಗಿ ನಿಮ್ಮ ಭಾವನೆಗಳನ್ನು ಅಡಗಿಸಿಡಬೇಕಾಗುತ್ತದೆಯೇ ಎಂದೂ ಕೇಳುತ್ತಾರೆ. ನರ್ಸ್‌ಗಳು, ಶಿಕ್ಷಕರು, ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಹುಡುಗಿಯರು ಈ ಪ್ರಶ್ನೆಯ ಮುಂದೆ ಒಂದು ಕ್ಷಣ ನಿಲ್ಲದೆ ಇರಲಾರರು.

ಬ್ರಿಟನ್ನಿನ ಹೆಲ್ತ್ ಆಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಎಂಬ ಸರಕಾರಿ ಸಂಸ್ಥೆ 2004ರಲ್ಲಿ ಇಂಥದ್ದನ್ನೇ ಇನ್ನಷ್ಟು ಸರಳಗೊಳಿಸಿತು. ಕೆಲಸದ ಹೊರೆ, ಹಿಡಿತ, ಬೆಂಬಲ, ಪರಸ್ಪರ ಸಂಬಂಧ, ಜವಾಬ್ದಾರಿಯ ಸ್ಪಷ್ಟತೆ, ಬದಲಾವಣೆ ಎಂಬ ಆರು ವಿಷಯಗಳ ಮೇಲೆ ಒಟ್ಟು 35 ಪ್ರಶ್ನೆಗಳು. ನಮ್ಮ ದೇಶದಲ್ಲೂ 1981ರಲ್ಲೇ ಎ. ಕೆ. ಶ್ರೀವಾಸ್ತವ ಮತ್ತು ಎ. ಪಿ. ಸಿಂಗ್ ಎಂಬ ಮನಶ್ಶಾಸ್ತ್ರಜ್ಞರು ಕೆಲಸದ ಒತ್ತಡದ ಸೂಚಿಯೊಂದನ್ನು ಸಿದ್ಧಪಡಿಸಿದ್ದರು. ಅದರಲ್ಲಿ 46 ಹೇಳಿಕೆಗಳು, 12 ವಿಭಾಗಗಳು. ಅವುಗಳಲ್ಲಿ ಒಂದು ವಿಭಾಗವೇ ಗುಂಪುಗಾರಿಕೆ ಮತ್ತು ರಾಜಕೀಯ ಒತ್ತಡದ ಬಗ್ಗೆ ಇದೆ! ನಮ್ಮ ಕಚೇರಿಗಳನ್ನು ಬಲ್ಲವರೇ ಬರೆದದ್ದು ಎಂದು ಅದರಿಂದಲೇ ತಿಳಿಯುತ್ತದೆ.

ಈ ಪ್ರಶ್ನಾವಳಿಗಳು ಹೌದು-ಅಲ್ಲ ಎಂಬ ಉತ್ತರ ಕೇಳುವುದು ಕಡಿಮೆ. ಯಾವಾಗಲೂ, ಹೆಚ್ಚಾಗಿ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ ಎಂಬಂಥ ಮೆಟ್ಟಿಲುಗಳಿರುತ್ತವೆ. ಒಂದೇ ವಿಷಯವನ್ನು ಎರಡು ಮೂರು ಕಡೆಯಿಂದ ಕೇಳುತ್ತಾರೆ. ಆಮೇಲೆ ಒಬ್ಬೊಬ್ಬನ ಅಂಕವನ್ನಲ್ಲ, ಇಡೀ ಗುಂಪಿನ ಸರಾಸರಿಯನ್ನು ನೋಡುತ್ತಾರೆ. ಮೂವತ್ತು ಶಿಕ್ಷಕರಲ್ಲಿ ಇಬ್ಬರು ಮಾತ್ರ ಹೊರೆ ತಡೆಯಲಾಗುತ್ತಿಲ್ಲ ಎಂದರೆ ಆ ಇಬ್ಬರ ಜೊತೆ ಕುಳಿತು ಮಾತನಾಡಬೇಕು. ಇಪ್ಪತ್ತೈದು ಮಂದಿ ಹಾಗೆ ಹೇಳಿದರೆ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಬೇಕು.

ಇನ್ನು ಎರಡನೆಯ ತಪ್ಪು. ನಮ್ಮ ಹಾಳೆಯ ಮೇಲಿದ್ದ ಹೆಸರು, ಮೊಬೈಲ್ ನಂಬರು. ನನ್ನ ಮಟ್ಟಿಗೆ ಇದೇ ದೊಡ್ಡ ತಪ್ಪು. ಪ್ರಶ್ನೆಗಳು ಎಷ್ಟೇ ಚೆನ್ನಾಗಿರಲಿ, ಉತ್ತರ ಯಾರ ಕೈಗೆ ಹೋಗುತ್ತದೆ ಎಂಬ ಹೆದರಿಕೆ ಇದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಇಲ್ಲಿ ಜಪಾನಿನ ಉದಾಹರಣೆಯನ್ನು ಹೇಳಲೇಬೇಕು. ವಿಪರೀತ ದುಡಿತದಿಂದ ಸಾಯುವುದಕ್ಕೆ ‘ಕರೋಶಿ’ ಎಂಬ ಪ್ರತ್ಯೇಕ ಶಬ್ದವೇ ಇರುವ ದೇಶ ಅದು. 2015ರ ಡಿಸೆಂಬರ್‌ನಿಂದ ಅಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕೆಲಸದ ಸ್ಥಳಗಳಲ್ಲಿ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆ ನಡೆಸುವುದನ್ನು ಕಾನೂನು ಕಡ್ಡಾಯ ಮಾಡಿತು. ಸರಕಾರ ಸೂಚಿಸಿದ ಪ್ರಶ್ನಾವಳಿಯಲ್ಲಿ 57 ಪ್ರಶ್ನೆಗಳಿವೆ. ಅವುಗಳಲ್ಲಿ 17 ಕೆಲಸದ ಬಗ್ಗೆ, 29 ದೇಹ ಮನಸ್ಸುಗಳ ಸ್ಥಿತಿಯ ಬಗ್ಗೆ, 9 ಸುತ್ತಲಿನವರ ಬೆಂಬಲದ ಬಗ್ಗೆ, ಉಳಿದ 2 ತೃಪ್ತಿಯ ಬಗ್ಗೆ.

ಆದರೆ ನಾನು ಮೆಚ್ಚಿದ್ದು ಪ್ರಶ್ನೆಗಳನ್ನಲ್ಲ, ಬೇಲಿಯನ್ನು. ತಪಾಸಣೆ ನಡೆಸುವುದು ಮಾಲಕನಿಗೆ ಕಡ್ಡಾಯ, ಉತ್ತರಿಸುವುದು ನೌಕರನಿಗೆ ಕಡ್ಡಾಯವಲ್ಲ. ಫಲಿತಾಂಶವು ನೇರವಾಗಿ ನೌಕರನ ಕೈಗೇ ಬರುತ್ತದೆ. ಅವನ ಒಪ್ಪಿಗೆಯಿಲ್ಲದೆ ಮಾಲಕ ಅದನ್ನು ನೋಡುವಂತಿಲ್ಲ. ಒತ್ತಡ ಹೆಚ್ಚಿರುವವನು ಬಯಸಿದರೆ ವೈದ್ಯರ ಭೇಟಿಯನ್ನು ಕೇಳಬಹುದು, ಹಾಗೆ ಕೇಳಿದ್ದಕ್ಕಾಗಿ ಅವನಿಗೆ ತೊಂದರೆ ಕೊಡುವಂತಿಲ್ಲ. ಮಾಲಕನಿಗೆ ಸಿಗುವುದು ಗುಂಪಿನ ಒಟ್ಟು ಲೆಕ್ಕ ಮಾತ್ರ. ಅದೂ ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಜನರಿದ್ದರೆ ಎಲ್ಲರ ಒಪ್ಪಿಗೆಯಿಲ್ಲದೆ ಕೊಡುವುದಿಲ್ಲ, ಯಾರು ಏನು ಹೇಳಿದರೆಂದು ಊಹಿಸಿಬಿಡಬಹುದಲ್ಲ! ಜಪಾನಿನಲ್ಲಿ ಇದರಿಂದ ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಗುಂಪಿನ ಲೆಕ್ಕ ನೋಡಿ ಕೆಲಸದ ರೀತಿಯನ್ನು ಸುಧಾರಿಸುವುದು ಅಲ್ಲಿಯೂ ಕಡ್ಡಾಯವಾಗಿರಲಿಲ್ಲ, ಪ್ರಯತ್ನ ಮಾಡಬೇಕು ಎಂದಷ್ಟೇ ಇತ್ತು. ಆದರೂ ಉತ್ತರ ಕೊಡುವವನ ಹೆದರಿಕೆಯನ್ನು ಕಾನೂನು ಅರ್ಥಮಾಡಿಕೊಂಡಿತು. ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ.

ಕೋಪನ್‌ಹೇಗನ್ ಪ್ರಶ್ನಾವಳಿ ಮಾಡಿದವರು ಅದನ್ನು ಬಳಸುವವರಿಗೆ ಕೆಲವು ಸೂಚನೆಗಳನ್ನೂ ಕೊಟ್ಟಿದ್ದಾರೆ. ಅದರಲ್ಲಿ ಒಂದು ಹೀಗಿದೆ: ಫಲಿತಾಂಶ ಬಂದ ಮೇಲೆ ಏನಾದರೂ ಮಾಡುವ ಉದ್ದೇಶ ಇಲ್ಲದಿದ್ದರೆ ಸಮೀಕ್ಷೆಯನ್ನು ಆರಂಭಿಸಲೇಬೇಡಿ. ಉತ್ತರಿಸುವುದು ಐಚ್ಛಿಕ, ಆದರೆ ಬಹಳ ಜನ ಉತ್ತರಿಸದಿದ್ದರೆ ಅದೇ ಆ ಸ್ಥಳದ ವಾತಾವರಣ ಕೆಟ್ಟಿದೆ ಎಂಬುದಕ್ಕೆ ಗುರುತು ಎಂದೂ ಹೇಳಿದ್ದಾರೆ. ನಮ್ಮ ಶಾಲೆಯಲ್ಲಿ ನೂರಕ್ಕೆ ನೂರು ಉತ್ತರ ಬಂದಿತ್ತು, ಎಲ್ಲವೂ ಸುಳ್ಳು. ಅದಕ್ಕೆ ಏನೆಂದು ಹೆಸರಿಡಬೇಕೋ! ಆಡಳಿತದವರ ಉದ್ದೇಶ ಕೆಟ್ಟದಿತ್ತು ಎಂದು ನನಗೆ ಈಗಲೂ ಅನಿಸುವುದಿಲ್ಲ. ಎಲ್ಲಿಂದಲೋ ಹಾಳೆ ಸಿಕ್ಕಿತು, ಹಂಚಿದರು. ಆದರೆ ಒಂದು ಪೆಟ್ಟಿಗೆ ಇಟ್ಟು ಹೆಸರಿಲ್ಲದ ಚೀಟಿ ಹಾಕಿ ಎಂದಿದ್ದರೆ, ಬಸ್ಸಿನ ಡ್ಯೂಟಿಯ ಬಗ್ಗೆ, ದಾಖಲಾತಿಯ ಲೆಕ್ಕದ ಬಗ್ಗೆ ಕನಿಷ್ಠ ಹತ್ತು ಮಂದಿ ಬರೆಯುತ್ತಿದ್ದರು. ನಾನಂತೂ ಬರೆಯುತ್ತಿದ್ದೆ. ಹಾಗೆಂದು ಈಗ ಹೇಳುವುದು ಸುಲಭ, ಅದೂ ನಿಜ.

ಸಹೋದರಿಯರೇ, ನಿಮ್ಮ ಪತಿ ಅಥವಾ ಮಗ ಬೆಂಗಳೂರಿನ ಕಂಪೆನಿಯಲ್ಲೋ ಗಲ್ಫಿನ ಅಂಗಡಿಯಲ್ಲೋ ದುಡಿಯುತ್ತಿರಬಹುದು. ಮಗಳು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿರಬಹುದು. ಅವರ ಮಾಲಕ ಪ್ರಶ್ನಾವಳಿ ಹಂಚುತ್ತಾನೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಆದರೆ ಫೋನಿನಲ್ಲಿ ನಾವು ಕೇಳುವ ಪ್ರಶ್ನೆ ನಮ್ಮ ಕೈಯಲ್ಲಿದೆ. “ಯಾಕೆ ನಿಮಗೆ ಎಲ್ಲದಕ್ಕೂ ಸಿಟ್ಟು?” ಎಂದು ಕೇಳುವುದು ನಮ್ಮ ಶಾಲೆಯ ಹಾಳೆಯ ಹಾಗೆಯೇ. ಅದು ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಅದರ ಬದಲು, ಈ ವಾರ ಎಷ್ಟು ದಿನ ಹೊತ್ತಿಗೆ ಸರಿಯಾಗಿ ಊಟವಾಯಿತು, ರಜೆ ಯಾವಾಗ ಎಂದು ಮೊದಲೇ ತಿಳಿಸುತ್ತಾರಾ, ತಪ್ಪಾದರೆ ಎಲ್ಲರೆದುರು ಬಯ್ಯುತ್ತಾರಾ, ಕಷ್ಟವಾದರೆ ಅಲ್ಲಿ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರಾ ಎಂದು ಕೇಳಿ ನೋಡಿ. ನನ್ನ ಅಕ್ಕನ ಮಗ ದಮಾಮಿನಲ್ಲಿದ್ದಾನೆ. “ಕೆಲಸ ಹೇಗಿದೆ?” ಎಂದು ಎರಡು ವರ್ಷ ಕೇಳಿದೆವು, “ಆರಾಮ” ಎಂದೇ ಹೇಳಿದ. ಒಮ್ಮೆ ಅಕ್ಕ, “ನಿನ್ನ ಪಾಸ್‌ಪೋರ್ಟ್ ಯಾರ ಹತ್ತಿರ ಇದೆ?” ಎಂದು ಕೇಳಿದಳು. ಆ ದಿನ ಅವನು ಒಂದು ಗಂಟೆ ಮಾತನಾಡಿದ.

ಒಂದು ಎಚ್ಚರಿಕೆ. ಇವು ಯಾವುವೂ ರೋಗ ಪತ್ತೆಹಚ್ಚುವ ಪರೀಕ್ಷೆಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಪೂರ್ತಿ ಬಳಲಿ ಬತ್ತಿಹೋಗುವ ಸ್ಥಿತಿಯನ್ನು ತನ್ನ ರೋಗಗಳ ಪಟ್ಟಿಯ ಪುಸ್ತಕದಲ್ಲಿ ವಿವರಿಸಿತು. ಆದರೆ ಅದನ್ನು ರೋಗ ಎನ್ನದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಹಾಗಿದ್ದರೂ ನಿದ್ದೆ ವಾರಗಟ್ಟಲೆ ಬಿಟ್ಟುಹೋದರೆ, ಬದುಕೇ ಬೇಡ ಎಂಬ ಮಾತು ಬಾಯಿಯಿಂದ ಬಂದರೆ, ಪ್ರಶ್ನೆ ಕೇಳುತ್ತಾ ಕೂರಬಾರದು, ವೈದ್ಯರಲ್ಲಿಗೆ ಹೋಗಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಗೆ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಅದಕ್ಕೆ ಹೆಸರು ಕೆಟ್ಟೀತೆಂದು ಹೆದರಬೇಡಿ.

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಸಂಶಯ ಬಂತು. ಈ ಪ್ರಶ್ನಾವಳಿಗಳೆಲ್ಲ ಆಫೀಸು, ಕಾರ್ಖಾನೆ, ಆಸ್ಪತ್ರೆಗಳಿಗಾಗಿ ಮಾಡಿದವು. ಮೇಲಧಿಕಾರಿ ಇದ್ದಾನೆ, ಸಹೋದ್ಯೋಗಿಗಳಿದ್ದಾರೆ, ಕೆಲಸಕ್ಕೆ ಒಂದು ಬಾಗಿಲು ಇದೆ ಎಂದು ಅವು ಮೊದಲೇ ಅಂದುಕೊಂಡಿವೆ. ನಮ್ಮ ದಕ್ಷಿಣ ಕನ್ನಡದಲ್ಲಿ ಮನೆಯ ಜಗಲಿಯೇ ಕೆಲಸದ ಸ್ಥಳವಾಗಿರುವ ಹೆಂಗಸರು ಎಷ್ಟು ಮಂದಿ! ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಪ್ರತಿ ಊರಿನಲ್ಲಿದ್ದಾರೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತ್ತು. ಆದರೆ ನಿನಗೆ ಒತ್ತಡವಿದೆಯೇ ಎಂದು ಅವಳನ್ನು ಕೇಳಿದವರು ಯಾರು?

ನಮ್ಮ ಓಣಿಯಲ್ಲಿ ಉಮ್ಮನ ವಯಸ್ಸಿನ ಒಬ್ಬರಿದ್ದಾರೆ. ನಲ್ವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ಒಂದು ಸಂಜೆ ಪುಸ್ತಕ, ಪೆನ್ನು ಹಿಡಿದುಕೊಂಡು ಹೋಗಿ ಜಗಲಿಯಲ್ಲಿ ಕುಳಿತೆ. ಕರಾಸೆಕ್ ಕೇಳಿದ್ದನ್ನು ನನ್ನ ಮಾತಿನಲ್ಲಿ ಕೇಳಿದೆ. ದಿನದ ಕೆಲಸ ಯಾವಾಗ ನಿಲ್ಲಿಸುವುದು ಎಂದು ನಿರ್ಧಾರ ಮಾಡುವುದು ಯಾರು?

“ಎಲೆ” ಎಂದರು ಅವರು, ಕತ್ತರಿ ನಿಲ್ಲಿಸದೆ. “ಎಲೆ ಮುಗಿದರೆ ನಿಲ್ಲುತ್ತದೆ. ಎಲೆ ಕೆಟ್ಟದಿದ್ದರೆ ಸಾವಿರ ಆಗುವುದಿಲ್ಲ, ಕಡಿಮೆ ಬಿದ್ದದ್ದಕ್ಕೆ ನಾವೇ ದುಡ್ಡು ಕೊಟ್ಟು ಎಲೆ ತರಬೇಕು.”

ಸೀಗ್ರಿಸ್ಟರ ತಕ್ಕಡಿಯನ್ನು ಕೇಳಿದೆ. ಹಾಕಿದ ಶ್ರಮಕ್ಕೆ ತಕ್ಕಷ್ಟು ಸಿಗುತ್ತದೆಯೇ? ಅವರು ನಕ್ಕು, ಬ್ರಾಂಚಿನಲ್ಲಿ ಕಟ್ಟುಗಳನ್ನು ಬಿಚ್ಚಿ ನೋಡಿ ಚೆನ್ನಾಗಿಲ್ಲವೆಂದು ಬದಿಗೆ ಎಸೆಯುವ ರೀತಿಯನ್ನು ಕೈಸನ್ನೆಯಲ್ಲೇ ತೋರಿಸಿದರು. ಎಸೆದದ್ದಕ್ಕೆ ಕೂಲಿ ಇಲ್ಲ. ಯಾಕೆ ಚೆನ್ನಾಗಿಲ್ಲ ಎಂದು ಕೇಳಬಾರದು, ಕೇಳಿದರೆ ನಾಳೆ ಇನ್ನೂ ಎರಡು ಕಟ್ಟು ಹೋಗುತ್ತದೆ. ಮನೆಯ ಕೆಲಸಕ್ಕೂ ಇದಕ್ಕೂ ತಿಕ್ಕಾಟ ಆಗುತ್ತದೆಯೇ ಎಂಬ ಪ್ರಶ್ನೆ ಅವರಿಗೆ ಅರ್ಥವೇ ಆಗಲಿಲ್ಲ. ಎರಡೂ ಒಂದೇ ಜಗಲಿಯಲ್ಲಿ ನಡೆಯುವಾಗ ತಿಕ್ಕಾಟ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವುದು ಹೇಗೆ? ಬೆಂಬಲದ ಪ್ರಶ್ನೆಗೆ ಮಾತ್ರ ಕೂಡಲೇ ಉತ್ತರ ಬಂತು. ಪಕ್ಕದ ಮನೆಯ ಕಮಲಕ್ಕ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕುಳಿತು ಕಟ್ಟುತ್ತಾರಂತೆ.

ನಾನು ಬರೆದುಕೊಳ್ಳುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕತ್ತರಿ ಕೆಳಗಿಟ್ಟು ಕೇಳಿದರು, “ಉಸ್ತಾದರೇ, ಇದನ್ನು ಬರೆದು ಯಾರಿಗೆ ಕೊಡುತ್ತೀರಿ? ಬ್ರಾಂಚಿನವರಿಗಾ?”

ಇಲ್ಲ, ನಿಮ್ಮ ಹೆಸರೂ ಬರೆದಿಲ್ಲ ಎಂದು ಪುಸ್ತಕ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಮೊಮ್ಮಗಳನ್ನು ಕರೆದು ಓದಿಸಿದರು. ಹೆಸರಿಲ್ಲ ಎಂದು ಅವಳು ಹೇಳಿದ ಮೇಲೆ ಸೂಪನ್ನು ಮಡಿಲಿನಿಂದ ಕೆಳಗಿಳಿಸಿ, “ಹಾಗಾದರೆ ಇನ್ನೊಂದು ಬರೆದುಕೊಳ್ಳಿ” ಎಂದರು.